ಹುಬ್ಬಳ್ಳಿಯಿಂದ ದಿಬ್ರುಗಢ, ಮೂರು ಗಂಟೆ ಮೂವತ್ತೈದು ನಿಮಿಷ

ನಾನು ಮೂವತ್ತಾರು ವರ್ಷ ಧಾರವಾಡದ ಕೋರ್ಟಿನಲ್ಲಿ ಸ್ಟೆನೋ ಆಗಿದ್ದವನು. ನಿವೃತ್ತನಾದ ಮೇಲೆ ಮಾಳಮಡ್ಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು, ಬಂದವರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಡುತ್ತೇನೆ. ಪಿಂಚಣಿ ನಿಂತವರು, ದಾಖಲೆಯಲ್ಲಿ ಹೆಸರಿನ ಒಂದಕ್ಷರ ತಪ್ಪಿದವರು, ಸತ್ತವರ ಪಟ್ಟಿಯಲ್ಲಿ ಬದುಕಿದ್ದಾಗಲೇ ಸೇರಿಹೋದವರು, ಎಲ್ಲರೂ ಬರುತ್ತಾರೆ. ಬರುವವರು ಸಾಮಾನ್ಯವಾಗಿ ಸೋತ ಮುಖ ಮಾಡಿಕೊಂಡು ಬರುತ್ತಾರೆ. ಗೀತಾಂಜಲಿ ಹಾಗೆ ಬರಲಿಲ್ಲ. ಕಳೆದ ವರ್ಷ ಜನವರಿಯ ಮೊದಲ ವಾರ, ಬಗಲಲ್ಲಿ ಏಳು ತಿಂಗಳ ಮಗಳನ್ನು ಎತ್ತಿಕೊಂಡು ಬಂದವಳು, ಕೂಡಿರಿ ಅನ್ನುವ ಮೊದಲೇ ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟಳು.

"ಇದನ್ನ ಓದ್ರಿ ಕಾಕಾ. ಓದಿ, ಇದು ಅಳತಿ ಹೌದೋ ಅಲ್ಲೋ ಹೇಳ್ರಿ."

ಓದಿದೆ. ಕೇಂದ್ರದ ಒಂದು ನೇಮಕಾತಿ ಮಂಡಳಿಯ ಉತ್ತರ. ಹೆಸರು ಇಲ್ಲಿ ಬೇಡ. ತಾಂತ್ರಿಕ ಸಹಾಯಕರ ಹುದ್ದೆಯ ಪರೀಕ್ಷೆಗೆ ಆಕೆ ಅರ್ಜಿ ಹಾಕಿದ್ದಳು. ಕೇಂದ್ರಗಳ ಆಯ್ಕೆಯಲ್ಲಿ ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆ ಎಂದು ಮೂರು ಊರು ತುಂಬಿದ್ದಳು. ಪ್ರವೇಶಪತ್ರದಲ್ಲಿ ಬಂದದ್ದು ದಿಬ್ರುಗಢ. ಅಸ್ಸಾಮಿನ ಪೂರ್ವದ ತುದಿ. ಇದು ತಪ್ಪಾಗಿದೆ, ಸರಿಪಡಿಸಿ ಎಂದು ಆಕೆಯೇ ಒಂದು ಮೇಲ್ ಕಳಿಸಿದ್ದಳು. ಅದಕ್ಕೆ ಅವರು ಕೊಟ್ಟ ಉತ್ತರ ಹೀಗಿತ್ತು: ನಿಮ್ಮ ಸಮೀಪದ ವಿಮಾನ ನಿಲ್ದಾಣ ಹುಬ್ಬಳ್ಳಿ. ಅಲ್ಲಿಂದ ದಿಬ್ರುಗಢ ವಿಮಾನ ನಿಲ್ದಾಣಕ್ಕೆ ದೂರ 2,459 ಕಿಲೋಮೀಟರ್, ಹಾರಾಟದ ಅಂದಾಜು ಸಮಯ ಮೂರು ಗಂಟೆ ಮೂವತ್ತೈದು ನಿಮಿಷ. ಇದು ಮಂಡಳಿಯ ನಿಯಮದ ಮಿತಿಯೊಳಗಿದೆ. ಆದ್ದರಿಂದ ಕೋರಿಕೆಯನ್ನು ತಿರಸ್ಕರಿಸಲಾಗಿದೆ.

ಹುಬ್ಬಳ್ಳಿಯಿಂದ ದಿಬ್ರುಗಢಕ್ಕೆ ನೇರ ವಿಮಾನವಿಲ್ಲ. ಅದು ಆ ಉತ್ತರ ಬರೆದವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯದು. ಗೊತ್ತಿದ್ದು ಬರೆದಿದ್ದರೆ ಅದು ಕುಚೇಷ್ಟೆ. ಗೊತ್ತಿಲ್ಲದೆ ಬರೆದಿದ್ದರೆ ಅದಕ್ಕಿಂತ ಕೆಟ್ಟದ್ದು.

ಈ ಹೆಣ್ಣುಮಗಳು ಯಾರೆಂದು ಹೇಳಬೇಕು. ಧಾರವಾಡದ ಹತ್ತಿರದ ಹೆಬ್ಬಳ್ಳಿಯವಳು. ಐಟಿಐಯಲ್ಲಿ ಫಿಟ್ಟರ್ ಕಲಿತವಳು; ಆ ವರ್ಷ ಆ ತರಗತಿಯಲ್ಲಿ ಇದ್ದದ್ದು ಇವಳೊಬ್ಬಳೇ ಹುಡುಗಿ. ಎಂಟು ವರ್ಷದಿಂದ ಹುಬ್ಬಳ್ಳಿ ಹತ್ತಿರದ ತಾರಿಹಾಳದಲ್ಲಿ ರಮಾಕಾಂತನ ವರ್ಕ್‌ಶಾಪಿನಲ್ಲಿ ಕೆಲಸ. ರಮಾಕಾಂತ ನಮ್ಮ ಓಣಿಯವನೇ, ನನ್ನ ಹತ್ತಿರ ಇವಳನ್ನು ಕಳಿಸಿದವನೂ ಅವನೇ. ಅಲ್ಲಿ ಪಂಪುಗಳಿಗೆ ಬೇಕಾದ ಶಾಫ್ಟು, ಬುಶ್ಶು ಮಾಡುತ್ತಾರೆ. ತಯಾರಾದ ಮಾಲು ಹೊರಗೆ ಹೋಗುವ ಮೊದಲು ಇವಳ ಮೇಜಿಗೆ ಬರಬೇಕು. ಮೈಕ್ರೋಮೀಟರ್ ಹಿಡಿದು ಒಂದೊಂದನ್ನೂ ಅಳೆಯುವುದು, ಗೇಜು ಎಂಬ ಅಳತೆಯ ತೂತಿನಲ್ಲಿ ಹಾಯಿಸಿ ನೋಡುವುದು, ಸರಿಯಿದ್ದದ್ದನ್ನು ಬಿಡುವುದು, ತಪ್ಪಿದ್ದನ್ನು ಕೆಂಪು ಬಣ್ಣ ಹಚ್ಚಿ ಬದಿಗಿಡುವುದು ಅವಳ ಕೆಲಸ.

ರಮಾಕಾಂತ ಒಂದು ಪ್ರಸಂಗ ಹೇಳಿದ್ದ. ಒಮ್ಮೆ ತುರ್ತಾಗಿ ಮಾಲು ಹೊರಡಬೇಕಿತ್ತು, ಲಾರಿ ಬಾಗಿಲಲ್ಲಿ ನಿಂತಿತ್ತು. ಇವಳು ನಲವತ್ತು ಶಾಫ್ಟಿಗೆ ಕೆಂಪು ಹಚ್ಚಿ ಕೂತಿದ್ದಳು. ಕೂದಲೆಳೆಯ ಅರ್ಧದಷ್ಟೂ ವ್ಯತ್ಯಾಸವಿಲ್ಲ, ಬಿಟ್ಟುಬಿಡು ಎಂದು ಅವನು ಗದರಿಸಿದ. ಇವಳು ತನ್ನ ತಪಾಸಣೆಯ ಪುಸ್ತಕವನ್ನು ಅವನ ಮುಂದೆ ಇಟ್ಟು, ನೀವೇ ಸಹಿ ಮಾಡಿ ಕಳಿಸಿರಿ, ನನ್ನ ಸಹಿ ಇದರ ಮೇಲೆ ಬೀಳುವುದಿಲ್ಲ ಎಂದಳು. ಅವನು ಸಹಿ ಮಾಡಲಿಲ್ಲ. ಲಾರಿ ಮರುದಿನ ಹೋಯಿತು. ಆ ದಿನದಿಂದ ತಾನು ಅವಳ ಮೇಜಿನ ಹತ್ತಿರ ಜೋರು ದನಿ ಮಾಡಿಲ್ಲ ಎಂದು ರಮಾಕಾಂತ ನನಗೆ ಹೆಮ್ಮೆಯಿಂದಲೇ ಹೇಳಿದ.

ಅಂಥವಳಿಗೆ ಯಾರೋ ಕುರ್ಚಿಯಲ್ಲಿ ಕೂತು, ನಕ್ಷೆಯ ಮೇಲೆ ಒಂದು ಗೆರೆ ಎಳೆದು, ಇದೇ ನಿನ್ನ ಪ್ರಯಾಣ ಎಂದು ಬರೆದು ಕಳಿಸಿದ್ದರು. ಆ ಹುದ್ದೆಯ ವಯಸ್ಸಿನ ಮಿತಿಗೆ ಅವಳಿಗೆ ಅದೇ ಕೊನೆಯ ವರ್ಷ.

ಅಂದು ನಾವು ಎರಡನೆಯ ಪತ್ರ ಬರೆದೆವು. ನೇರ ವಿಮಾನವಿಲ್ಲ, ಮೊಲೆಯುಣ್ಣುವ ಕೂಸಿದೆ, ದಯವಿಟ್ಟು ಪರಿಶೀಲಿಸಿ. "ದಯವಿಟ್ಟು" ಎಂಬ ಪದವನ್ನು ಹಾಕಿದ್ದು ನಾನು. ಅವಳು ತೆಗೆಯಿರಿ ಅಂದಳು. ಮೂವತ್ತಾರು ವರ್ಷದ ರೂಢಿ, ನಾನು ತೆಗೆಯಲಿಲ್ಲ. ಎರಡು ದಿನಕ್ಕೆ ಉತ್ತರ ಬಂತು. ಮೊದಲ ಪತ್ರದ ಅದೇ ಸಾಲುಗಳು, ಅಲ್ಪವಿರಾಮವೂ ಬದಲಾಗಿರಲಿಲ್ಲ.

ಮನೆಯಲ್ಲಿ ಮಾತಾಯಿತು. ಗಂಡ ಮುತ್ತು ಸರಕಿನ ಟೆಂಪೋ ಓಡಿಸುವವನು, ಒಳ್ಳೆಯ ಮನುಷ್ಯ. ಬಿಡು, ಇದ್ದ ಕೆಲಸ ಛಲೋ ಐತಿ, ಅವರ ಕೂಡ ಗುದ್ದಾಡಿ ಏನು ಬರುವುದಿದೆ ಎಂದ. ಹೋಗು ಎಂದವಳು ಅತ್ತೆ ಹನುಮವ್ವ. ಅವಳಿಗೆ ಓದು ಬರುವುದಿಲ್ಲ, ದಿಬ್ರುಗಢ ಎಂಬ ಹೆಸರು ನಾಲಿಗೆಗೆ ಹೊರಳುವುದಿಲ್ಲ. ಆದರೆ ಸೊಸೆ ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ರಾತ್ರಿ ಹಗಲು ಓದಿದ್ದನ್ನು ನೋಡಿದವಳು.

"ನೀ ಹೋಗದಿದ್ರ ಅವರಿಗೆ ಏನೂ ಆಗೂದಿಲ್ಲ," ಅಂದಳಂತೆ. "ಬರಲಿಲ್ಲ ಅಂತ ಬರಕೊಂಡು ಸುಮ್ಮನಾಗ್ತಾರ. ನೀ ಹೋಗು. ಕೂಸಿನ್ನ ನಾ ನೋಡ್ಕೊಂತೇನಿ."

ರೈಲಿನಲ್ಲಿ ಹೋದರೆ ಹೋಗಿಬರುವುದಕ್ಕೇ ಏಳು ದಿನ ಬೇಕು. ಕೂಸನ್ನು ಅಷ್ಟು ದಿನ ಬಿಡುವುದು ಆಗದ ಮಾತು. ಜನವರಿಯ ಚಳಿಯಲ್ಲಿ ಕರೆದುಕೊಂಡು ಹೋಗುವುದೂ ಆಗದ ಮಾತು. ಹಾಗಾಗಿ ಮೂರು ವಿಮಾನ ಬದಲಿಸಿ ಹೋಗುವುದೆಂದಾಯಿತು.

ಇಳಿದುಕೊಳ್ಳುವುದು ಎಲ್ಲಿ? ಪರೀಕ್ಷೆಗೆ ಅರ್ಜಿ ಹಾಕಿದವರೆಲ್ಲ ಮೊಬೈಲಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಅದರಲ್ಲಿ ನೂರಾರು ಜನ ತಮ್ಮ ತಮ್ಮ ದೂರ ಬರೆದು ಬಯ್ಯುತ್ತಿದ್ದರು. ಗೀತಾಂಜಲಿ ಅಲ್ಲಿ, ದಿಬ್ರುಗಢದ ಕಡೆಯವರು ಯಾರಾದರೂ ಇದ್ದೀರಾ ಎಂದು ಕೇಳಿದಳು. ಹತ್ತು ನಿಮಿಷಕ್ಕೆ ಒಬ್ಬಳು ಉತ್ತರಿಸಿದಳು. ಹೆಸರು ರೀತುಮೋನಿ, ದಿಬ್ರುಗಢಕ್ಕೆ ಹತ್ತಿರದ ತಿನ್ಸುಕಿಯಾ ಊರಿನವಳು. ನಾನು ಇಲ್ಲಿಯವಳೇ ಅಕ್ಕ, ಆದರೆ ಆ ದಿನ ಇಲ್ಲಿ ಇರುವುದಿಲ್ಲ, ನನಗೆ ಪರೀಕ್ಷೆ ಹುಬ್ಬಳ್ಳಿಯಲ್ಲಿದೆ, ಆ ಊರು ಎಲ್ಲಿ ಬರುತ್ತದೆ ಎಂದು ಕೇಳಿದ್ದಳು.

ಗೀತಾಂಜಲಿ ಇದನ್ನು ನನಗೆ ತೋರಿಸಿದಾಗ ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದೆ. ಒಂದೇ ಹುದ್ದೆ, ಒಂದೇ ದಿನ, ಒಂದೇ ಪ್ರಶ್ನೆಪತ್ರಿಕೆ. ಹುಬ್ಬಳ್ಳಿಯವಳನ್ನು ಅಲ್ಲಿಗೆ, ಅಲ್ಲಿಯವಳನ್ನು ಹುಬ್ಬಳ್ಳಿಗೆ. ನಕಲು ತಡೆಯಲು ಹೀಗೆ ಮಾಡುತ್ತಾರೆಂದು ರಮಾಕಾಂತ ಸಮರ್ಥನೆ ಕೊಡಲು ನೋಡಿದ. ಪಕ್ಕದ ಜಿಲ್ಲೆಗೆ ಕಳಿಸಿದರೂ ನಕಲು ತಪ್ಪುತ್ತದಲ್ಲ ಎಂದು ಗೀತಾಂಜಲಿ ಕೇಳಿದಳು.

ಇಬ್ಬರೂ ಫೋನಿನಲ್ಲಿ ಮಾತಾಡಿದರು. ಹರಕುಮುರುಕು ಹಿಂದಿಯಲ್ಲಿ ನಿರ್ಧಾರವಾಯಿತು. ರೀತುಮೋನಿ ಹೆಬ್ಬಳ್ಳಿಯ ಮನೆಯಲ್ಲಿ ಇಳಿಯುವುದು, ಗೀತಾಂಜಲಿ ರೀತುಮೋನಿಯ ತಾಯಿಯ ಮನೆಯಲ್ಲಿ.

ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ಗೀತಾಂಜಲಿ ಕೂಸಿಗೆ ಹಾಲು ಕೊಟ್ಟು ಹೊರಟಳು. ಪುಟ್ಟ ನೋಟುಬುಕ್ಕಿನಲ್ಲಿ ಮನೆ ಬಿಟ್ಟ ಸಮಯ ಬರೆದುಕೊಂಡಳು. ಮುಂದೆ ಅವರ ಎದುರು ಇಡಬೇಕಾದೀತು ಎಂಬ ಲೆಕ್ಕ ಆಗಲೇ ಅವಳ ತಲೆಯಲ್ಲಿತ್ತು. ಆ ನೋಟುಬುಕ್ಕು ನಾನು ನೋಡಿದ್ದೇನೆ. ಅಲಂಕಾರದ ಒಂದು ಮಾತಿಲ್ಲ. ಹುಬ್ಬಳ್ಳಿ ವಿಮಾನ ನಿಲ್ದಾಣ, ಮೂರು ಐವತ್ತು. ವಿಮಾನ ಎದ್ದದ್ದು ಆರು ಇಪ್ಪತ್ತೈದು. ಬೆಂಗಳೂರು ಏಳು ಮೂವತ್ತೈದು. ಮುಂದಿನ ವಿಮಾನ ಶನಿವಾರ ಬೆಳಿಗ್ಗೆ ಐದು ಐವತ್ತಕ್ಕೆ. ನಡುವೆ ಹತ್ತು ಗಂಟೆ ಕುರ್ಚಿಯಲ್ಲಿ. ಕೋಲ್ಕತ್ತ, ಎಂಟು ಮೂವತ್ತು. ಅಲ್ಲಿ ಹನ್ನೊಂದೂವರೆಯ ವಿಮಾನ ಮಂಜಿನಿಂದ ತಡವಾಗಿ ಹೊರಟದ್ದು ಮೂರು ಹತ್ತಕ್ಕೆ. ದಿಬ್ರುಗಢ, ನಾಲ್ಕು ಐವತ್ತು.

ಇವುಗಳ ನಡುವೆ ಬೇರೆ ಮಸಿಯಲ್ಲಿ ಕೆಲವು ಗೀಟುಗಳಿವೆ. ಅವೇನೆಂದು ನಾನು ಕೇಳಿದಾಗ ಅವಳು ಸಂಕೋಚವಿಲ್ಲದೆ ಹೇಳಿದಳು: ಹಾಲು ಹಿಂಡಿ ಚೆಲ್ಲಿದ ಹೊತ್ತುಗಳು. ಎದೆಗೆ ವೇಳಾಪಟ್ಟಿ ಗೊತ್ತಾಗುವುದಿಲ್ಲ, ಮೂರು ನಾಲ್ಕು ತಾಸಿಗೊಮ್ಮೆ ತುಂಬುತ್ತದೆ. ಶೌಚಾಲಯದ ಬಾಗಿಲು ಹಾಕಿಕೊಂಡು, ಹೊರಗೆ ಜನ ಬಡಿಯುತ್ತಿರುವಾಗ, ಮಗಳ ಹಾಲನ್ನು ನೀರಿನ ಕೊಳವೆಗೆ ಚೆಲ್ಲಿದ್ದಾಳೆ. ಅಂಥ ಏಳು ಗೀಟು. ನಾನು ನನ್ನ ಜೀವನದಲ್ಲಿ ಬಹಳ ಸಾಕ್ಷ್ಯಗಳನ್ನು ಟೈಪ್ ಮಾಡಿದವನು. ಆ ಏಳು ಗೀಟು ನೋಡಿ ನನ್ನ ಮೈ ಉರಿದುಹೋಯಿತು.

ದಿಬ್ರುಗಢದಲ್ಲಿ ಇಳಿದಾಗ ಸೂರ್ಯ ಮುಳುಗುತ್ತಿದ್ದ. ಅವಳ ಕೈಗಡಿಯಾರದಲ್ಲಿ ಇನ್ನೂ ಐದಾಗಿರಲಿಲ್ಲ. ಮನೆಗೆ ಫೋನು ಮಾಡಿದರೆ, ಇಲ್ಲಿ ಬಿಸಿಲು ಐತಿ, ಕೂಸು ಅಂಗಳದಾಗ ಆಡಾಕತ್ತೈತಿ ಎಂದು ಹನುಮವ್ವ ಹೇಳಿದಳು. ದೂರ ಎಂದರೆ ಏನೆಂದು ನಿಜವಾಗಿ ಗೊತ್ತಾದದ್ದು ಆವಾಗ ಎಂದು ಗೀತಾಂಜಲಿ ನನಗೆ ಹೇಳಿದ್ದಾಳೆ. ಪ್ರವೇಶಪತ್ರದಲ್ಲಿ ದಿಬ್ರುಗಢ ಎಂದಿದ್ದರೂ ಪರೀಕ್ಷೆಯ ಕಟ್ಟಡ ಇದ್ದದ್ದು ತಿನ್ಸುಕಿಯಾದ ಆಚೆ. ಹಲವರು ಕೂಡಿ ಹೋಗುವ ಬಾಡಿಗೆ ಗಾಡಿ ಹಿಡಿದು, ಕತ್ತಲೆಯಲ್ಲಿ ಗುರುತಿಲ್ಲದ ರಸ್ತೆಯಲ್ಲಿ ಹೋಗಿ, ರೀತುಮೋನಿಯ ಮನೆ ಮುಟ್ಟಿದಾಗ ಏಳೂಕಾಲು. ನೋಟುಬುಕ್ಕಿನಲ್ಲಿ ಒಟ್ಟು ಬರೆದಿದ್ದಾಳೆ: ಇಪ್ಪತ್ತೆಂಟು ಗಂಟೆ ನಲವತ್ತೈದು ನಿಮಿಷ. ಮಂಡಳಿ ಹೇಳಿದ್ದಕ್ಕೆ ಎಂಟು ಪಟ್ಟು, ಮೇಲೆ ಐದು ನಿಮಿಷ.

ರೀತುಮೋನಿಯ ತಾಯಿ ಒಂದು ಶಾಲೆಯಲ್ಲಿ ಅಡುಗೆ ಮಾಡುವವಳು. ಅವಳ ಮಾತು ಗೀತಾಂಜಲಿಗೆ, ಗೀತಾಂಜಲಿಯ ಮಾತು ಅವಳಿಗೆ ತಿಳಿಯದು. ಬಾಗಿಲು ತೆರೆದವಳು ಗೀತಾಂಜಲಿಯ ಸ್ವೆಟರಿನ ಮುಂಭಾಗ ಒದ್ದೆಯಾಗಿರುವುದನ್ನು ನೋಡಿದಳು. ಒಳಗೆ ಕರೆದುಕೊಂಡು ಹೋಗಿ, ಮಂಚದ ಮೇಲೆ ಕೂಡಿಸಿ, ಒಲೆಯ ಮೇಲೆ ನೀರು ಕಾಯಿಸಿ, ಬಟ್ಟೆ ಅದ್ದಿ ಹಿಂಡಿ ತಂದು ಕೈಗೆ ಕೊಟ್ಟು, ಕೋಣೆಯ ಬಾಗಿಲು ಎಳೆದುಕೊಂಡು ಹೊರಗೆ ಕೂತಳು. ಹೆಬ್ಬಳ್ಳಿ ಬಿಟ್ಟ ಮೇಲೆ ಗೀತಾಂಜಲಿಗೆ ಕಣ್ಣೀರು ಬಂದದ್ದು ಅಲ್ಲಿ ಮಾತ್ರ.

ಇತ್ತ ರೀತುಮೋನಿ ಮೂರು ರೈಲು ಬದಲಿಸಿ ಎಪ್ಪತ್ತೊಂದು ಗಂಟೆ ಪ್ರಯಾಣ ಮಾಡಿ ಹುಬ್ಬಳ್ಳಿಯಲ್ಲಿ ಇಳಿದಿದ್ದಳು. ಮುತ್ತು ಟೆಂಪೋ ತಗೊಂಡು ಹೋಗಿ ಕರೆತಂದ. ಹನುಮವ್ವ ಅವಳಿಗಾಗಿ ರೊಟ್ಟಿ ಬದಿಗಿಟ್ಟು ಅನ್ನ ಮಾಡಿದಳು. ಆ ಹುಡುಗಿ ಸ್ನಾನ ಮಾಡಿ, ಊಟ ಮಾಡಿ, ಅಳುತ್ತಿದ್ದ ಕೂಸನ್ನು ಹೆಗಲಿಗೆ ಹಾಕಿಕೊಂಡು ತಮ್ಮ ಕಡೆಯ ಜೋಗುಳ ಹೇಳುತ್ತ ಅಂಗಳದಲ್ಲಿ ತಿರುಗಾಡಿದಳಂತೆ. ಕೂಸು ಮಲಗಿತು. ಮುತ್ತು ಅದರ ವಿಡಿಯೋ ಕಳಿಸಿದ. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಇಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ ನೋಡಿ, ಎಂಥ ದೇಶ ನಮ್ಮದು ಎಂದು ರಮಾಕಾಂತ ಆ ವಿಡಿಯೋ ನೋಡಿ ಗದ್ಗದಿತನಾದ. ನನಗೆ ಹಾಗನ್ನಿಸಲಿಲ್ಲ. ಆ ಒಳ್ಳೆಯತನ ಹನುಮವ್ವನದು, ಆ ಅಡುಗೆಯವಳದು. ಅದನ್ನು ಎತ್ತಿ ಮಂಡಳಿಯ ಖಾತೆಗೆ ಹಾಕಲು ನಾನು ತಯಾರಿಲ್ಲ.

ಪರೀಕ್ಷೆ ರವಿವಾರ ಒಂಬತ್ತಕ್ಕೆ. ಗೇಟು ಮುಚ್ಚುವುದು ಏಳೂವರೆಗೆ. ಗೀತಾಂಜಲಿ ಆರೂವರೆಗೇ ಎದೆ ಖಾಲಿ ಮಾಡಿಕೊಂಡು ಹೋಗಿದ್ದಳು. ಕೋಣೆಯಲ್ಲಿ ಅರ್ಧಕ್ಕರ್ಧ ಕುರ್ಚಿ ಖಾಲಿ. ಮೊದಲ ಒಂದೂವರೆ ಗಂಟೆ ಚೆನ್ನಾಗಿಯೇ ಹೋಯಿತು. ಅಳತೆಯ ಪ್ರಶ್ನೆಗಳೆಲ್ಲ ಅವಳ ಕೈಗೆ ಪಳಗಿದವೇ. ಆಮೇಲೆ ಮೈ ಕಾಯತೊಡಗಿತು, ಎದೆ ಕಲ್ಲಾಯಿತು, ಪರದೆಯ ಮೇಲಿನ ಅಕ್ಷರಗಳು ಕೂಡಿಕೊಂಡು ಕಾಣತೊಡಗಿದವು. ಹೊರಗೆ ಹೋಗಿಬರಲೇ ಎಂದು ಕೇಳಿದಳು. ಹೋದರೆ ಮರಳಿ ಬಿಡುವುದಿಲ್ಲ ಎಂದರು. ಹನ್ನೊಂದು ಪ್ರಶ್ನೆ ಬಿಟ್ಟು ಎದ್ದಳು.

ಮಾರ್ಚಿನಲ್ಲಿ ಫಲಿತಾಂಶ ಬಂತು. ರೀತುಮೋನಿ ಪಾಸಾದಳು. ಗೀತಾಂಜಲಿಗೆ ಒಂದೂಕಾಲು ಅಂಕ ಕಡಿಮೆ.

ಅಂದು ಸಂಜೆ ಅವಳು ನಮ್ಮ ಮನೆಗೆ ಬಂದಳು. ಸಮಾಧಾನ ಹೇಳಲು ನಾನು ಬಾಯಿ ತೆರೆದೆ. ಅವಳು ಅದಕ್ಕೆ ಅವಕಾಶ ಕೊಡಲಿಲ್ಲ. ರೀತುಮೋನಿ ಪಾಸಾದದ್ದು ಖುಷಿ, ಅವಳು ಮೂರು ರಾತ್ರಿ ರೈಲಿನಲ್ಲಿ ಕೂತು ಬಂದು ಬರೆದವಳು ಎಂದಳು. ಆಮೇಲೆ ಅಂದಳು:

"ನಂಗ ಮಾರ್ಕ್ಸ್ ಬ್ಯಾಡ ಕಾಕಾ. ಇಲ್ಲೇ ಬರದಿದ್ರೂ ನಾಪಾಸ ಆಗತಿದ್ನೇನೋ. ಆದ್ರ ಅದು ಗೊತ್ತಾಗೂ ಹಂಗ ಇವರು ಇಡಲಿಲ್ಲ. ಆ ಹನ್ನೊಂದು ಪ್ರಶ್ನಿ ನನಗ ಬರತಿದ್ವೋ ಇಲ್ಲೋ ಅನ್ನೂದು ನನಗ ಸಾಯೂತನಕ ತಿಳಿಯೂದಿಲ್ಲ."

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣ ಎಂದದ್ದು ನಾನು. ಏನು ಕೇಳಬೇಕೆಂದು ಹೇಳಿದ್ದು ಅವಳು. ದೂರದ ನಿಯಮ ಏನು? ಒಂದೂವರೆ ಸಾವಿರ ಕಿಲೋಮೀಟರಿಗಿಂತ ದೂರ ಕಳಿಸಿದ ಹೆಣ್ಣುಮಕ್ಕಳು ಎಷ್ಟು? ಅವರಲ್ಲಿ ಪರೀಕ್ಷೆಗೆ ಬಂದವರು ಎಷ್ಟು? ಈ ಸಲ "ದಯವಿಟ್ಟು" ಹಾಕಲಿಲ್ಲ.

ಉತ್ತರ ಬರಲು ಐವತ್ತು ದಿನ ಹಿಡಿಯಿತು. ನಿಯಮ ಹೀಗಿತ್ತು: ಅಭ್ಯರ್ಥಿಯ ಸಮೀಪದ ವಿಮಾನ ನಿಲ್ದಾಣದಿಂದ ಕೇಂದ್ರದ ಸಮೀಪದ ವಿಮಾನ ನಿಲ್ದಾಣಕ್ಕೆ ಹಾರಾಟದ ಸಮಯ ಆರು ಗಂಟೆ ಮೀರಬಾರದು. ನಾನು ಓದಿ ಹೇಳಿದೆ. ಅವಳು ಮೊಬೈಲು ತೆಗೆದು ಅಲ್ಲೇ ಕೂತು ನೋಡತೊಡಗಿದಳು. ತಿರುವನಂತಪುರದಿಂದ ಅರುಣಾಚಲ. ಭುಜ್‌ನಿಂದ ಪೋರ್ಟ್ ಬ್ಲೇರ್. ಲೇಹ್‌ನಿಂದ ಮಧುರೈ. ದೇಶದೊಳಗೆ ಎಲ್ಲಿಂದ ಎಲ್ಲಿಗೆ ಗೆರೆ ಎಳೆದರೂ ಐದು ಗಂಟೆ ದಾಟಲಿಲ್ಲ.

"ಹಂಗಾರ ಈ ನಿಯಮ ಯಾರನ್ನ ತಡೀತೈತಿ?" ಅಂದಳು. "ಯಾವ ತುಂಡು ಹಾಕಿದ್ರೂ ಪಾಸ್ ಮಾಡೂ ಗೇಜು ಗೇಜ ಅಲ್ಲರಿ ಅದು. ಬರೇ ತೂತು."

ಉಳಿದ ಎರಡು ಪ್ರಶ್ನೆಗಳ ಉತ್ತರ ಕೆಳಗಿತ್ತು. ಅಷ್ಟು ದೂರ ಕಳಿಸಿದ ಹೆಣ್ಣುಮಕ್ಕಳು 1,148. ಬಂದವರು 446. ಬರದೆ ಉಳಿದವರು 702. ಅವರೆಲ್ಲ ಗೈರುಹಾಜರು. ನಾಪಾಸಾದವರ ಲೆಕ್ಕದಲ್ಲೂ ಅವರಿಲ್ಲ. ಅಷ್ಟು ಮನೆಗಳಲ್ಲಿ ಮುತ್ತುವಿನಂಥ ಒಬ್ಬ ಒಳ್ಳೆಯ ಮನುಷ್ಯ ಬಿಡು ಎಂದಿರಬೇಕು, ಹೋಗು ಎನ್ನುವ ಹನುಮವ್ವ ಎಲ್ಲ ಮನೆಗಳಲ್ಲಿ ಇರಲಿಲ್ಲ.

ಆರು ಗಂಟೆಯ ಮಿತಿಗೆ ಆಧಾರವೇನೆಂದು ತಿಳಿಸಿಲ್ಲ ಎಂದು ನಾವು ಮೇಲ್ಮನವಿ ಹಾಕಿದೆವು. ವಿಚಾರಣೆ ಫೋನಿನಲ್ಲಿ ನಡೆಯಿತು, ನನ್ನ ಪಡಸಾಲೆಯಲ್ಲೇ. ಎದುರಿನ ಅಧಿಕಾರಿ ಮೈಸೂರು ಕಡೆಯವರು, ಕನ್ನಡದಲ್ಲೇ ಮಾತಾಡಿದರು, ಸೌಜನ್ಯದ ಮನುಷ್ಯ. ತಂತ್ರಾಂಶ ಹಂಚುತ್ತದೆ, ಅದಕ್ಕೆ ಯಾರ ಮೇಲೂ ದ್ವೇಷವಿಲ್ಲ, ಲಕ್ಷಾಂತರ ಅರ್ಜಿಗಳಲ್ಲಿ ಒಬ್ಬೊಬ್ಬರನ್ನು ನೋಡಲಾಗುವುದಿಲ್ಲ ಎಂದು ವಿವರಿಸಿದರು. ಗೀತಾಂಜಲಿ ನೋಟುಬುಕ್ಕು ತೆರೆದು, ಮನೆ ಬಿಟ್ಟದ್ದರಿಂದ ಹಿಡಿದು ಮುಟ್ಟಿದ್ದರವರೆಗೆ ಒಂದೊಂದೇ ಸಮಯ ಓದಿದಳು. ಗೀಟುಗಳನ್ನೂ ಓದಿದಳು, ಅವೇನೆಂದೂ ಹೇಳಿದಳು.

"ಅರ್ಥವಾಗುತ್ತದೆ ಮೇಡಂ. ಆದರೂ ನೀವು ತಲುಪಿದಿರಲ್ಲ, ಪರೀಕ್ಷೆ ಬರೆದಿರಲ್ಲ," ಅಂದರು.

"ನಾ ಮುಟ್ಟಿದ್ನಿರಿ," ಅಂದಳು ಗೀತಾಂಜಲಿ. ದನಿ ಏರಿಸಲಿಲ್ಲ. "ಏಳುನೂರಾ ಎರಡು ಮಂದಿ ಮುಟ್ಟಿಲ್ಲ. ನಾ ಮುಟ್ಟಿದ್ದನ್ನ ತೋರಿಸಿ ಅವರ ಬಾಯಿ ಮುಚ್ಚಸಬ್ಯಾಡ್ರಿ. ನಿಮ್ಮ ಕಾಗದದಾಗ ಮೂರು ತಾಸು ಮೂವತ್ತೈದು ನಿಮಿಷ ಅಂತ ಬರದೈತಿ. ಆ ವಿಮಾನದ ನಂಬರ್ ಕೊಡ್ರಿ. ಅದರಾಗ ನೀವು ಒಮ್ಮಿ ಹೋಗಿ ಬರ್ರಿ, ನಾ ಅರ್ಜಿ ಹಿಂದ ತಗೋತೇನಿ."

ಅವರು ಕೊಡಲಿಲ್ಲ. ಕೊಡಲು ಇರಲಿಲ್ಲ. ವಿಷಯವನ್ನು ಮೇಲಿನವರ ಗಮನಕ್ಕೆ ತರುವುದಾಗಿ ಬರೆದುಕೊಂಡರು. ಅವರು ತಂದಿರಬೇಕು, ಯಾಕೆಂದರೆ ಈ ವರ್ಷದ ಪ್ರಕಟಣೆಯಲ್ಲಿ ಒಂದು ಹೊಸ ಸಾಲು ಬಂದಿದೆ. ಅಂಗವಿಕಲರಿಗೂ ಒಂದು ವರ್ಷದೊಳಗಿನ ಕೂಸಿರುವ ತಾಯಂದಿರಿಗೂ ಅವರು ಕೇಳಿದ ಮೂರು ಊರುಗಳಲ್ಲಿ ಒಂದನ್ನೇ ಕೊಡಲಾಗುವುದು. ಉಳಿದವರಿಗೆ ಆರು ಗಂಟೆಯ ನಿಯಮ ಹಾಗೇ ಇದೆ.

ರಮಾಕಾಂತ ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಚಹಾ ತರಿಸಿದ. ಗೆದ್ದಿ ಎಂದ. ರೀತುಮೋನಿ ಕೆಲಸಕ್ಕೆ ಸೇರಿದ ಊರಿನಿಂದ ಫೋನು ಮಾಡಿ, ನಿನ್ನಿಂದ ಆಯಿತು ಅಕ್ಕ ಎಂದಳಂತೆ. ಹನುಮವ್ವ ಮಾತ್ರ ಪ್ರಕಟಣೆಯನ್ನು ಸೊಸೆಯಿಂದ ಎರಡು ಸಲ ಓದಿಸಿ ಕೇಳಿ, ಕೂಸಿಗೆ ಒಂದು ವರ್ಷ ತುಂಬಿದ ಮರುದಿನ ತಾಯಿಗೆ ರೆಕ್ಕೆ ಬರುತ್ತವೇನು ಎಂದು ಕೇಳಿದಳು.

ಗೀತಾಂಜಲಿಗೆ ಈಗ ವಯಸ್ಸು ಮೀರಿದೆ. ಆ ಪರೀಕ್ಷೆಗೆ ಅವಳು ಇನ್ನೆಂದೂ ಕೂಡುವಂತಿಲ್ಲ. ಹಾಗಾದರೆ ಇನ್ನು ಯಾಕೆ ಇದರ ಬೆನ್ನು ಹತ್ತುತ್ತಿ ಎಂದು ನಾನೇ ಒಮ್ಮೆ ಕೇಳಿದೆ. "ಅದಕ್ಕ ಕಾಕಾ. ನನಗೋಸ್ಕರ ಕೇಳಾಕತ್ತೇನಿ ಅಂತ ಈಗ ಯಾರೂ ಅನ್ನಾಕ ಬರೂದಿಲ್ಲ," ಅಂದಳು. ಕಳೆದ ತಿಂಗಳು ನಾವು ಮಾಹಿತಿ ಹಕ್ಕಿನಲ್ಲಿ ಹೊಸ ಅರ್ಜಿ ಕಳಿಸಿದೆವು. ಆ ಏಳುನೂರಾ ಎರಡು ಜನರಿಗೆ ವಯಸ್ಸು ಸಡಿಲಿಸಿ ಮತ್ತೊಂದು ಅವಕಾಶ ಕೊಡುವ ವಿಚಾರ ಮಂಡಳಿಯ ಯಾವ ಸಭೆಯಲ್ಲಾದರೂ ಬಂದಿದೆಯೇ, ಬಂದಿದ್ದರೆ ನಡಾವಳಿಯ ಪ್ರತಿ ಕೊಡಿ ಎಂದು ಕೇಳಿದ್ದೇವೆ. ಬರುವ ಶನಿವಾರಕ್ಕೆ ಮೂವತ್ತು ದಿನ ತುಂಬುತ್ತವೆ. ಉತ್ತರ ಬರದಿದ್ದರೆ ಸೋಮವಾರವೇ ಮೇಲ್ಮನವಿ ಹೋಗಬೇಕೆಂದು ಹೇಳಿ ಹೋಗಿದ್ದಾಳೆ. ಕಾಗದ ಟೈಪಾಗಿದೆ, ಅವಳು ಬಂದು ಸಹಿ ಮಾಡುವುದಷ್ಟೇ ಉಳಿದಿದೆ.